ಥೈರಾಯ್ಡ್ ಮಾತ್ರೆ ತಪ್ಪದೆ ತಗೊಂಡ್ರೂ ಸುಸ್ತು ವಾಪಸ್ ಬಂದಾಗ

ಥೈರಾಯ್ಡ್ ಕಡಿಮೆ ಇದೆ ಅಂತ ವರ್ಷಗಟ್ಲೆ ಮಾತ್ರೆ ನುಂಗ್ತಿರೋ ತುಂಬಾ ಜನಕ್ಕೆ ಇದು ಗೊತ್ತಿರೋ ವಿಷ್ಯ. ಎಲ್ಲ ಸರಿಯಾಗೇ ಹೋಗ್ತಿರತ್ತೆ, ಮಾತ್ರೆನೂ ತಪ್ಪಿಸಿರಲ್ಲ, ಆದ್ರೂ ಹಳೇ ಕಾಟಗಳೆಲ್ಲ ಒಂದೊಂದಾಗಿ ಮತ್ತೆ ಶುರುವಾಗ್ತವೆ. ರಾತ್ರಿಯೆಲ್ಲ ಮಲಗಿ ಎದ್ರೂ ಮೈ ಭಾರ, ಪಕ್ಕದಲ್ಲಿದ್ದೋರು ಸೆಕೆ ಅಂತಿದ್ರೆ ನಮಗೆ ಚಳಿ, ಬಾಚಣಿಗೆ ತುಂಬ ಕೂದ್ಲು, ಮಲಬದ್ಧತೆ, ಮಾತಾಡ್ತಾ ಮಾತಾಡ್ತಾ ಏನ್ ಹೇಳ್ಬೇಕು ಅಂತಿದ್ವೋ ಅದೇ ಮರೆತು ಹೋಗೋದು. ಇದನ್ನ ಯಾರಿಗಾದ್ರೂ ಹೇಳ್ಕೊಂಡ್ರೆ ಎರಡರಲ್ಲಿ ಒಂದು ಉತ್ತರ ಸಿಗತ್ತೆ. ಒಂದು, "ಡೋಸ್ ಸಾಲ್ತಿಲ್ಲ, ಏರಿಸ್ಕೋ". ಇನ್ನೊಂದು, "ರಿಪೋರ್ಟ್ ನಾರ್ಮಲ್ ಇದೆ, ನಿಮಗೇನೂ ಆಗಿಲ್ಲ". ನನ್ನ ಕೇಳಿದ್ರೆ ಎರಡೂ ಸೋಮಾರಿ ಉತ್ತರಗಳೇ. ಇಷ್ಟು ದಿನ ಸರಿಹೋಗ್ತಿದ್ದ ಡೋಸು ಈಗ್ಯಾಕೆ ಸಾಲ್ತಿಲ್ಲ, ನಡುವೆ ಏನು ಬದಲಾಯ್ತು ಅಂತ ಯಾರೂ ಕೇಳಲ್ಲ ನೋಡಿ, ಅದು ನನಗೆ ಸಿಟ್ಟು ಬರೋ ವಿಷ್ಯ.

ಮೊದ್ಲು, ಥೈರಾಯ್ಡ್ ರಿಪೋರ್ಟಲ್ಲಿ ಎಲ್ರೂ ನೋಡೋ ಈ ಟಿಎಸ್‌ಎಚ್ ಅಂದ್ರೆ ಏನು ಅಂತ ಸ್ವಲ್ಪ. ಅದನ್ನ ಮಾಡೋದು ಥೈರಾಯ್ಡ್ ಅಲ್ಲ, ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಹಾರ್ಮೋನ್ ಕಡಿಮೆ ಆಯ್ತು ಅಂದ್ರೆ ಅದು ಮೇಸ್ತ್ರಿ ಥರ ಥೈರಾಯ್ಡ್ ಮೇಲೆ ಕೂಗಾಡೋಕೆ ಶುರು ಮಾಡತ್ತೆ, ಆ ಕೂಗೇ ಟಿಎಸ್‌ಎಚ್. ಹಾಗಾಗಿ ಟಿಎಸ್‌ಎಚ್ ಜಾಸ್ತಿ ಇದ್ರೆ ಹಾರ್ಮೋನ್ ಸಾಲ್ತಿಲ್ಲ ಅಂತ, ಕಡಿಮೆ ಇದ್ರೆ ಹೆಚ್ಚಾಗಿದೆ ಅಂತ. ಇದು ಉಲ್ಟಾ ಇರೋದ್ರಿಂದ ಎಷ್ಟೋ ಜನ ರಿಪೋರ್ಟ್ ಓದೋವಾಗ ಕನ್‌ಫ್ಯೂಸ್ ಆಗ್ತಾರೆ. ಇನ್ನೊಂದು ವಿಷ್ಯ ಏನಂದ್ರೆ ಟಿ4 (ಥೈರಾಯ್ಡ್ ಮಾಡೋ ಮುಖ್ಯ ಹಾರ್ಮೋನ್) ಚೂರು ಇಳಿದ್ರೂ ಸಾಕು, ಟಿಎಸ್‌ಎಚ್ ಅದರ ಎಷ್ಟೋ ಪಟ್ಟು ಜಿಗಿಯತ್ತೆ, ಅದಕ್ಕೇ ಟಿಎಸ್‌ಎಚ್ 3ರಿಂದ 7ಕ್ಕೆ ಹೋಯ್ತು ಅಂತ ಡೋಸ್ ಡಬಲ್ ಮಾಡೋ ಅಗತ್ಯ ಇರಲ್ಲ, ಸಾಮಾನ್ಯವಾಗಿ 12.5 ಅಥವಾ 25 ಮೈಕ್ರೋಗ್ರಾಂ ಏರಿಸಿದ್ರೆ ಸಾಕಾಗತ್ತೆ. (ಪಿಟ್ಯುಟರಿಯಲ್ಲೇ ತೊಂದ್ರೆ ಇರೋರಿಗೆ ಈ ಲೆಕ್ಕ ನಡೆಯಲ್ಲ, ಅವರಿಗೆ ಫ್ರೀ ಟಿ4, ಅಂದ್ರೆ ರಕ್ತದಲ್ಲಿ ಪ್ರೋಟೀನಿಗೆ ಅಂಟದೆ ಇರೋ ಟಿ4 ನೋಡ್ಕೊಂಡೇ ಡೋಸ್ ಹೇಳ್ಬೇಕು.)

ಈಗ ಏನು ಬದಲಾಯ್ತು ಅನ್ನೋ ಪ್ರಶ್ನೆಗೆ ಬರ್ತೀನಿ. ಸುಮಾರು ಕೇಸಲ್ಲಿ ಡೋಸ್ ಸರಿಯಾಗೇ ಇರತ್ತೆ, ಅದು ಹೊಟ್ಟೆಯಿಂದ ರಕ್ತಕ್ಕೆ ಹೋಗ್ತಾನೇ ಇರಲ್ಲ. ಲೆವೋಥೈರಾಕ್ಸಿನ್, ಅಂದ್ರೆ ನಾವು ನುಂಗೋ ಈ ಟಿ4 ಮಾತ್ರೆ, ಬಹಳ ನಾಜೂಕಿನದು ಕಣ್ರೀ. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ಬಾಯಿಗೆ ಹಾಕ್ಬಾರ್ದು, ಕಾಫಿ ಕೂಡ. ನಮ್ಮ ಚಿಕ್ಕಮ್ಮ ಒಬ್ರಿಗೆ ಮೂಳೆ ಗಟ್ಟಿಯಾಗ್ಲಿ ಅಂತ ಕ್ಯಾಲ್ಸಿಯಂ ಬರೆದುಕೊಟ್ಟಿದ್ರು, ಎಲ್ಲ ಮಾತ್ರೆನೂ ಒಂದೇ ಸಲ ಮುಗಿಸಿಬಿಡೋಣ ಅಂತ ಅವರು ಬೆಳಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ಅದನ್ನೂ ನುಂಗ್ತಿದ್ರು. ಸ್ವಲ್ಪ ತಿಂಗಳಲ್ಲೇ ಟಿಎಸ್‌ಎಚ್ ಏರ್ತು, ಡೋಸ್ ಏರಿಸಿದ್ರು, ಮತ್ತೆ ಏರಿಸಿದ್ರು. ಬೆಳಗ್ಗೆ ಇನ್ನೇನು ಮಾತ್ರೆ ತಗೋತೀರ ಅಂತ ಒಬ್ರೂ ಕೇಳ್ಲಿಲ್ಲ. ಕೊನೆಗೆ ಕ್ಯಾಲ್ಸಿಯಂನ ರಾತ್ರಿಗೆ ಹಾಕಿದ್ಮೇಲೆ ಏರಿಸಿದ ಡೋಸೇ ಜಾಸ್ತಿ ಆಗಿ ಎದೆ ಡವಡವ ಅನ್ನೋಕೆ ಶುರುವಾಯ್ತು, ಮತ್ತೆ ಇಳಿಸ್ಬೇಕಾಯ್ತು! ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಇವೆರಡೂ ಇರೋ ಮಲ್ಟಿವಿಟಮಿನ್, ಕೆಲವು ಆಂಟಾಸಿಡ್, ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸ್ಟ್ರಿಕ್ ಅಂತ ತಗೊಳ್ಳೋ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಕಥೆ ಬೇರೆ, ಅವು ಹೊಟ್ಟೆಯ ಆಸಿಡ್ಡನ್ನೇ ಕಮ್ಮಿ ಮಾಡೋದ್ರಿಂದ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗಲ್ಲ, ಗಂಟೆ ಅಂತರ ಕೊಟ್ರೂ ಉಪಯೋಗ ಇಲ್ಲ, ಅದನ್ನ ದಿನಾ ತಗೊಳ್ಳೋರಿಗೆ ಡೋಸೇ ಸ್ವಲ್ಪ ಜಾಸ್ತಿ ಬೇಕಾಗ್ಬೋದು. ಇದ್ಯಾವ್ದೂ ಇಲ್ದೆ ಡೋಸ್ ಏರಿಸ್ತಾನೇ ಹೋಗ್ತಿದ್ರೂ ಟಿಎಸ್‌ಎಚ್ ಜಗ್ಗಲ್ಲ ಅಂದ್ರೆ ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟನ್ ಒಗ್ಗದೆ ಕರುಳು ಹಾಳಾಗೋದು), ಎಚ್ ಪೈಲೋರಿ (ಹೊಟ್ಟೇಲಿ ಸೇರ್ಕೊಳ್ಳೋ ಬ್ಯಾಕ್ಟೀರಿಯಾ), ಹೊಟ್ಟೆಯ ಒಳಪದರ ಸವೆದಿರೋದು, ಇವನ್ನೂ ನೋಡ್ಬೇಕು.

ಬೆಳಗ್ಗೆ ಗಡಿಬಿಡೀಲಿ ಖಾಲಿ ಹೊಟ್ಟೆ ನಿಯಮ ಪಾಲಿಸೋಕಾಗಲ್ಲ ಅನ್ನೋರು ರಾತ್ರಿ ಮಲಗೋವಾಗ ತಗೋಬೋದು, ಊಟ ಆಗಿ ಮೂರು ಗಂಟೆ ಆಗಿರ್ಬೇಕು ಅಷ್ಟೇ. ಇದನ್ನ ಯಾಕೋ ಜಾಸ್ತಿ ಜನಕ್ಕೆ ಹೇಳೋದೇ ಇಲ್ಲ.

ಎರಡನೇದು, ದೇಹಕ್ಕೆ ಬೇಕಾಗಿರೋ ಪ್ರಮಾಣವೇ ಬದಲಾಗಿರತ್ತೆ. ಹಾಶಿಮೋಟೊ, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡೋ ಕಾಯಿಲೆ ಇರೋರಲ್ಲಿ (1912ರಲ್ಲಿ ಇದನ್ನ ಮೊದ್ಲು ವಿವರಿಸಿದ ಜಪಾನಿ ಡಾಕ್ಟರ್ ಹೆಸರೇ ಕಾಯಿಲೆಗೆ ಇಟ್ಟಿದಾರೆ) ಶುರುವಲ್ಲಿ ಗ್ರಂಥಿ ಇನ್ನೂ ಅಷ್ಟೋ ಇಷ್ಟೋ ಕೆಲಸ ಮಾಡ್ತಿರತ್ತೆ, ವರ್ಷ ಕಳೆದಂಗೆ ಅದೂ ಕುಗ್ಗತ್ತೆ, ಆವಾಗ ಮಾತ್ರೆ ಹೆಚ್ಚು ಬೇಕಾಗತ್ತೆ, ಇದ್ರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಗ್ರಂಥಿ ಪೂರ್ತಿ ನಿಂತೇ ಹೋದ್ರೆ ದಿನಕ್ಕೆ ದೇಹದ ಒಂದು ಕೆಜಿ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕು, ಅಂದ್ರೆ 60 ಕೆಜಿ ಇರೋರಿಗೆ ನೂರರ ಹತ್ರ. ತೂಕ ತುಂಬಾ ಏರಿದ್ರೂ ಇಳಿದ್ರೂ ಈ ಲೆಕ್ಕ ಬದಲಾಗತ್ತೆ. ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ರೆ ರಕ್ತದಲ್ಲಿ ಹಾರ್ಮೋನನ್ನ ಹಿಡಿದಿಟ್ಟುಕೊಳ್ಳೋ ಪ್ರೋಟೀನ್ ಜಾಸ್ತಿಯಾಗಿ ಡೋಸ್ ಸಾಲದೆ ಬರತ್ತೆ. ಫಿಟ್ಸ್‌ಗೆ ಕೊಡೋ ಫೆನಿಟೋಯಿನ್, ಕಾರ್ಬಮಜೆಪಿನ್, ಟಿಬಿಗೆ ಕೊಡೋ ರಿಫಾಂಪಿಸಿನ್, ಇವು ಹಾರ್ಮೋನನ್ನ ಬೇಗ ಖರ್ಚು ಮಾಡಿಸ್ತವೆ. ಇನ್ನು ಗರ್ಭಿಣಿ ಆದ್ರಂತೂ ಕಾಯೋ ಮಾತೇ ಇಲ್ಲ, ಮೊದಲ ವಾರಗಳಿಂದಲೇ ಅಗತ್ಯ ಕಾಲು ಭಾಗದಿಂದ ಅರ್ಧದವರೆಗೂ ಏರತ್ತೆ, ಮಗುವಿನ ಮೆದುಳು ಬೆಳೆಯೋಕೆ ಆ ಸಮಯದಲ್ಲಿ ತಾಯಿ ಹಾರ್ಮೋನೇ ಆಧಾರ. ಅದಕ್ಕೇ ಮಗು ಬೇಕು ಅಂತ ಯೋಚಿಸ್ತಿರೋರು ಡಾಕ್ಟರ್ ಹತ್ರ ಮೊದ್ಲೇ ಮಾತಾಡಿ ಇಟ್ಕೊಳ್ಳಿ, ಟೆಸ್ಟ್ ಪಾಸಿಟಿವ್ ಬಂದ ದಿನದಿಂದಲೇ ವಾರಕ್ಕೆ ಎರಡು ಮಾತ್ರೆ ಹೆಚ್ಚಿಗೆ ತಗೊಳ್ಳಿ ಅಂತ ಎಷ್ಟೋ ಡಾಕ್ಟ್ರು ಮುಂಚೇನೇ ಹೇಳಿಕೊಟ್ಟಿರ್ತಾರೆ.

ಈಗ ಟೆಸ್ಟ್ ವಿಷ್ಯ, ಇಲ್ಲಿ ಒಂದು ತಮಾಷೆ ಇದೆ, ಅನುಭವಿಸೋರಿಗೆ ತಮಾಷೆ ಅಲ್ಲ ಬಿಡಿ. ಕೂದ್ಲು ಉದುರತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ತಗೋತಾರೆ. ಕೆಲವು ಲ್ಯಾಬ್ ಮೆಷಿನ್‌ಗಳು ಕೆಲಸ ಮಾಡೋದೇ ಬಯೋಟಿನ್ ಬಳಸ್ಕೊಂಡು, ರಕ್ತದಲ್ಲಿ ಅದು ಜಾಸ್ತಿ ಇದ್ರೆ ಟಿಎಸ್‌ಎಚ್ ಇರೋದಕ್ಕಿಂತ ಕಮ್ಮಿ, ಟಿ4 ಇರೋದಕ್ಕಿಂತ ಜಾಸ್ತಿ ತೋರಿಸ್ತವೆ. ಅದನ್ನ ನೋಡಿ ಡೋಸ್ ಜಾಸ್ತಿ ಆಗಿದೆ ಅಂತ ಇಳಿಸಿಬಿಟ್ರೆ ಕೂದ್ಲು ಇನ್ನೂ ಉದುರತ್ತೆ, ಇವರು ಇನ್ನೂ ಬಯೋಟಿನ್ ತಗೋತಾರೆ! ಟೆಸ್ಟ್‌ಗೆ ಕಡೇಪಕ್ಷ ಎರಡು ದಿನ ಮುಂಚೆ ಅದನ್ನ ನಿಲ್ಲಿಸ್ಬೇಕು, ದೊಡ್ಡ ಡೋಸಲ್ಲಿ ತಗೋತಿದ್ರೆ ಇನ್ನೂ ಮುಂಚೆ. ಟಿಎಸ್‌ಎಚ್ ರಾತ್ರಿ, ಬೆಳಗಿನ ಜಾವ ಜಾಸ್ತಿ ಇದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯತ್ತೆ, ಹೋದ ಸಲ ಬೆಳಗ್ಗೆ ಕೊಟ್ಟ ರಕ್ತಕ್ಕೂ ಈ ಸಲ ಮಧ್ಯಾಹ್ನ ಕೊಟ್ಟಿದ್ದಕ್ಕೂ ಹೋಲಿಸಿ ಏರ್ತು ಇಳೀತು ಅನ್ನೋದ್ರಲ್ಲಿ ಅರ್ಥ ಇಲ್ಲ, ಒಂದೇ ಲ್ಯಾಬ್, ಒಂದೇ ಹೊತ್ತು ಇರ್ಲಿ. ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲೆ ತಗೊಳ್ಳಿ. ಆಮೇಲೆ ತಿಂಗಳುಗಟ್ಲೆ ಮರೆತು ಟೆಸ್ಟ್ ಹತ್ರ ಬಂದಾಗ ನಾಲ್ಕು ದಿನ ಶ್ರದ್ಧೆಯಿಂದ ನುಂಗೋರಿಗೂ ಒಂದು ಮಾತು, ಟಿ4 ಸರಿ ಬಂದು ಟಿಎಸ್‌ಎಚ್ ಮಾತ್ರ ಮೇಲೇ ಉಳಿದಿರತ್ತೆ, ಅನುಭವಸ್ಥ ಡಾಕ್ಟ್ರಿಗೆ ಅದು ನೋಡಿದ ತಕ್ಷಣ ಗೊತ್ತಾಗತ್ತೆ.

ಇದೆಲ್ಲ ಸರಿ ಇದೆ, ಟಿಎಸ್‌ಎಚ್ಚೂ ಸುಮಾರು 0.4ರಿಂದ 4ರ ಒಳಗೇ ಇದೆ, ಆದ್ರೂ ಸುಸ್ತು ಅಂದ್ರೆ? ಇಲ್ಲೇ "ನಿಮಗೇನೂ ಆಗಿಲ್ಲ" ಅನ್ನೋ ಮಾತು ಬರೋದು. ಆ ರೇಂಜ್ ಇಡೀ ಜನಸಮೂಹದ್ದು, ಒಬ್ಬೊಬ್ಬ ಮನುಷ್ಯನ ಟಿಎಸ್‌ಎಚ್ ಅದಕ್ಕಿಂತ ಚಿಕ್ಕ ವಲಯದಲ್ಲೇ ಓಡಾಡ್ತಿರತ್ತೆ. ಒಂದೂವರೆಯಲ್ಲಿ ಆರಾಮಾಗಿದ್ದೋರು ಮೂರೂವರೆಯಲ್ಲಿ ಸುಸ್ತು ಅಂದ್ರೆ ಅವರ ಹಳೇ ರಿಪೋರ್ಟ್‌ಗಳನ್ನ ಪಕ್ಕದಲ್ಲಿಟ್ಟು ನೋಡೋ ತಾಳ್ಮೆ ಬೇಕು, ಡೋಸ್ ಚೂರು ಸರಿಸಿ ನೋಡೋದ್ರಲ್ಲಿ ತಪ್ಪಿಲ್ಲ. ಆದ್ರೆ ಇದರ ಇನ್ನೊಂದು ಮುಖನೂ ಹೇಳ್ಬೇಕು, ಥೈರಾಯ್ಡ್ ಇದೆ ಅಂತ ಗೊತ್ತಾದ್ಮೇಲೆ ನಮಗೆ ಆಗೋದೆಲ್ಲ ಅದರ ಮೇಲೇ ಹಾಕೋ ಅಭ್ಯಾಸ ಬಂದುಬಿಡತ್ತೆ. ರಕ್ತಹೀನತೆ, ಬಿ12 ಕೊರತೆ, ಶುಗರ್, ಗೊರಕೆ ಜೊತೆ ಉಸಿರು ಕಟ್ಟೋ ತೊಂದ್ರೆ, ಖಿನ್ನತೆ, ಮುಟ್ಟು ನಿಲ್ಲೋ ವಯಸ್ಸು, ಇವೆಲ್ಲ ಥೇಟ್ ಹಾಗೇ ಕಾಣ್ತವೆ, ಇವಕ್ಕೆ ಥೈರಾಕ್ಸಿನ್ ಎಷ್ಟು ಸುರಿದ್ರೂ ಕರಗಲ್ಲ.

ಎಲ್ಲ ಸರಿ ಮಾಡಿದ್ರೂ ಚೇತರಿಸ್ಕೊಳ್ಳದ ಒಂದಷ್ಟು ಜನ ಇದಾರೆ, ಅವರು ಸುಳ್ಳು ಹೇಳ್ತಿಲ್ಲ. ಮಾತ್ರೇಲಿರೋ ಟಿ4ನ ದೇಹ ಟಿ3 (ಜೀವಕೋಶಗಳಲ್ಲಿ ನಿಜಕ್ಕೂ ಕೆಲಸ ಮಾಡೋ ಹಾರ್ಮೋನ್) ಮಾಡ್ಕೋಬೇಕು, ಕೆಲವ್ರಲ್ಲಿ ಅದು ಸಾಲದೆ ಹೋಗ್ಬೋದು ಅಂತ ಟಿ3 ಸೇರಿಸಿ ನೋಡೋ ತಜ್ಞರಿದಾರೆ. ಪ್ರಯೋಗಗಳಲ್ಲಿ ಎಲ್ಲರಿಗೂ ಅದರಿಂದ ಲಾಭ ಕಂಡಿಲ್ಲ, ಅದಕ್ಕೇ ಮೊದಲ ಆಯ್ಕೆ ಈಗ್ಲೂ ಟಿ4 ಒಂದೇ. ಟಿ3 ದಿನದೊಳಗೇ ಏರಿ ಇಳಿಯೋದ್ರಿಂದ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಕಣ್ಗಾವಲಲ್ಲೇ ಇದು ನಡೀಬೇಕು. "ನೈಸರ್ಗಿಕ" ಅಂತ ಹಂದಿ ಥೈರಾಯ್ಡ್ ಒಣಗಿಸಿ ಮಾಡಿದ ಮಾತ್ರೆ ಬಗ್ಗೆ ಜನ ಹುಚ್ಚು ಹಿಡಿಸ್ಕೊಳ್ಳೋದು ನನಗಂತೂ ಒಪ್ಪಿಗೆ ಇಲ್ಲ. 1891ರಲ್ಲಿ ಜಾರ್ಜ್ ಮರ್ರೆ ಅನ್ನೋ ಇಂಗ್ಲಿಷ್ ಡಾಕ್ಟರು ಕುರಿಯ ಥೈರಾಯ್ಡ್ ರಸದ ಇಂಜೆಕ್ಷನ್ ಕೊಟ್ಟು ಒಬ್ಬ ಹೆಂಗಸನ್ನ ಉಳಿಸಿದ್ರು, ಆಕೆ ಇನ್ನೂ 28 ವರ್ಷ ಬದುಕಿದ್ರು, ಆ ಕಾಲಕ್ಕೆ ಅದು ದೊಡ್ಡ ಪವಾಡವೇ. ಆದ್ರೆ ಹಂದಿ ಗ್ರಂಥೀಲಿ ಟಿ4 ಸುಮಾರು ನಾಲ್ಕು ಪಾಲಿದ್ರೆ ಟಿ3 ಒಂದು ಪಾಲು, ನಮ್ಮ ಗ್ರಂಥಿ ಬಿಡೋದು ಹದಿನಾಲ್ಕಕ್ಕೆ ಒಂದರ ಹತ್ರ. ಹಂದಿಗೆ ನೈಸರ್ಗಿಕ ಇರ್ಬೋದು!

ಇನ್ನು ತಾವೇ ಡೋಸ್ ಏರಿಸ್ಕೊಳ್ಳೋರು. ಟಿ4 ಅರ್ಧ ಕರಗೋಕೇ ಒಂದು ವಾರ ಬೇಕು, ಹಾಗಾಗಿ ಹೊಸ ಡೋಸ್ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲೋಕೆ ಐದಾರು ವಾರ. ಅದಕ್ಕೇ ಟೆಸ್ಟ್ ಆರರಿಂದ ಎಂಟು ವಾರಕ್ಕೆ. ಬ್ರ್ಯಾಂಡ್ ಬದಲಾಯಿಸಿದ್ರೂ ಇದೇ ಲೆಕ್ಕ. ಹತ್ತು ದಿನಕ್ಕೆ ಏನೂ ಅನಿಸ್ಲಿಲ್ಲ ಅಂತ ಮತ್ತೆ ಏರಿಸಿದ್ರೆ ಎರಡು ಏರಿಕೆನೂ ಒಟ್ಟಿಗೆ ತಲೆ ಎತ್ತೋದು ಆಮೇಲೆ. ಕೂದ್ಲಂತೂ ಹಾರ್ಮೋನ್ ಸರಿಯಾದ್ಮೇಲೂ ತಿಂಗಳುಗಟ್ಲೆ ಕಾಯಿಸತ್ತೆ. ಡೋಸ್ ಜಾಸ್ತಿ ಆದ್ರೆ ತೂಕ ಇಳಿಯತ್ತಲ್ಲ, ಒಳ್ಳೇದೇ ಅಲ್ವಾ ಅಂತ ಕೇಳೋರನ್ನ ನೋಡಿದೀನಿ. ಕೈ ನಡುಕ, ನಿದ್ದೆ ಬರದೆ ಇರೋದು ಕಣ್ಣಿಗೆ ಕಾಣತ್ತೆ, ಕಾಣದೇ ಇರೋದು ಹೃದಯದ ಬಡಿತ ತಾಳ ತಪ್ಪೋದು, ಮೂಳೆ ಸವೆಯೋದು, ಅದ್ರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ. 70 ದಾಟಿದೋರಿಗೆ ಟಿಎಸ್‌ಎಚ್ 4ರಿಂದ 6ರ ಒಳಗಿದ್ರೂ ಸಾಕು ಅಂತ ತಜ್ಞರು ಹೇಳೋದು ಇದೇ ಕಾರಣಕ್ಕೆ.

ಈ ಕಾಯೋ ಮಾತೆಲ್ಲ ಮಾಮೂಲಿ ಸುಸ್ತಿಗೆ. ಡೋಸ್ ಏರಿಸಿದ್ಮೇಲೆ ಎದೆನೋವು ಬಂದ್ರೆ, ಹೃದಯ ಬಡಿತ ಎದ್ವಾತದ್ವಾ ಆದ್ರೆ, ಅಥವಾ ಮಾತ್ರೆ ಬಿಟ್ಟಿರೋ ವಯಸ್ಸಾದೋರು ಮೈ ತಣ್ಣಗಾಗಿ, ಕೂಗಿದ್ರೂ ಸರಿಯಾಗಿ ಏಳದೆ ಮಂಪರಲ್ಲಿದ್ರೆ, ಟಿಎಸ್‌ಎಚ್ ರಿಪೋರ್ಟ್ ಬರ್ಲಿ ಅಂತ ಕೂರ್ಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಅವರು ತಗೋತಿರೋ ಎಲ್ಲ ಮಾತ್ರೆಗಳನ್ನೂ ಒಂದು ಕವರಲ್ಲಿ ಹಾಕ್ಕೊಂಡು.