ಹಿಂದಿನ ಸಾಲಿನ ಅಜ್ಜಂದಿರು

ಬಿಗ್ ಬ್ಯಾಂಡ್ ಜಾಝ್ ಕಛೇರಿಯಲ್ಲಿ ಎಲ್ಲರ ಕಣ್ಣೂ ಎದ್ದು ನಿಂತು ಸೋಲೊ ನುಡಿಸುವವರ ಮೇಲೆ. ನನಗೋ ಸುಮ್ಮನೆ ಕೂತವರನ್ನು ನೋಡುವ ಚಾಳಿ. ಮೊನ್ನೆ ಮುಂಬೈಯ ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ ವೇದಿಕೆ ತುಂಬ ನರೆತ ತಲೆಗಳು. ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಜೊತೆಗೆ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ಒಟ್ಟು 17 ಜನ. ವಯಸ್ಸು ಕೂಡಿಸಿದರೆ ಸಾವಿರ ದಾಟೀತು.

ಸ್ಯಾಕ್ಸ್‌ನವರ ಸರದಿ ನಡೆದಿದ್ದಾಗ ತುದಿಯ ಟ್ರೊಂಬೋನ್ ಅಜ್ಜ ವಾದ್ಯದ ಕೊನೆಯಲ್ಲಿರುವ ಕೀಲಿ ಒತ್ತಿ, ಉಸಿರಿನಿಂದ ಒಳಗೆ ಕಟ್ಟಿದ್ದ ನೀರನ್ನು ನೆಲಕ್ಕೆ ಬಸಿದರು. ಕನ್ನಡಕ ತೆಗೆದು ಒರೆಸಿದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಬೂಟಿನ ತುದಿ ಮಾತ್ರ ಎಣಿಸುತ್ತಲೇ ಇತ್ತು. ಇನ್ನೇನು ತಪ್ಪಿಹೋಯಿತು ಅನ್ನುವಾಗ ವಾದ್ಯ ತುಟಿಗೇರಿ, ನಾಲ್ವರೂ ಒಂದೇ ಬಾಯಿಯಾಗಿ 'ಪಾಂ!' ಎಂದರು. ಹುಡುಗರಾದರೆ ಈ ಹೊತ್ತಿಗೆ ನಾಲ್ಕು ಸಲ ಸ್ವರದ ಪುಟ ನೋಡಿಕೊಂಡಿರುತ್ತಿದ್ದರು.

ಪಕ್ಕದಲ್ಲಿ ಮಾಟುಂಗದ ನಮ್ಮ ಸೋದರಮಾವ. ಷಣ್ಮುಖಾನಂದ ಹಾಲಿನ ಕರ್ನಾಟಕ ಸಂಗೀತ ಕಛೇರಿಗಳಲ್ಲಿ ತೊಡೆ ಕೆಂಪಾಗುವಷ್ಟು ತಾಳ ಹಾಕಿದ ಜೀವ. ಇಲ್ಲೂ ಹಾಕಿದರು, ನಾಲ್ಕರ ಎಣಿಕೆಯಲ್ಲಿ ಒಂದನೆಯ ಪೆಟ್ಟಿಗೆ. ಡ್ರಮ್ಸ್‌ನವರ ಕಾಲಡಿಯ ಜೋಡಿ ತಾಳ ಮುಚ್ಚುತ್ತಿದ್ದದ್ದು ಎರಡಕ್ಕೆ, ನಾಲ್ಕಕ್ಕೆ. "ಏನೋ ಇದು, ನಾನು ಬಿಟ್ಟಲ್ಲೇ ಹೊಡೀತಾನಲ್ಲೋ ಇವನು!" ಎಂದು ಸಿಡಿಮಿಡಿಗೊಂಡರು.

ಈ ಊರಿಗೆ ಈ ಪೆಟ್ಟು ಹೊಸದೇನಲ್ಲ. 1935ರಲ್ಲೇ ಅಮೆರಿಕದ ಲಿಯಾನ್ ಆಬಿ ತನ್ನ ತಂಡ ಕಟ್ಟಿಕೊಂಡು ತಾಜ್ ಹೋಟೆಲಿಗೆ ಬಂದಿದ್ದ. ಮುಂದೆ ಅಂಥ ಕುರ್ಚಿಗಳನ್ನು ತುಂಬಿದವರಲ್ಲಿ ಬಹುಮಂದಿ ಗೋವೆಯವರು, ಇಗರ್ಜಿಯ ಶಾಲೆಗಳಲ್ಲಿ ಚಿಕ್ಕಂದಿನಿಂದಲೇ ಸ್ಟಾಫ್ ನೊಟೇಶನ್, ಅಂದರೆ ಪಾಶ್ಚಾತ್ಯ ಸ್ವರಲಿಪಿ, ಓದಿ ಬೆಳೆದವರು. ರಾತ್ರಿ ಹೋಟೆಲಿನಲ್ಲಿ ಸ್ವಿಂಗ್ ಜಾಝ್, ಹಗಲು ಸ್ಟುಡಿಯೊದಲ್ಲಿ ಹಿಂದಿ ಸಿನಿಮಾ. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕ ಅಂಟೋನಿಯೊ ಝೇವಿಯರ್ ವಾಝ್, ಹಿಂದಿ ಸಿನಿಮಾ ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆಗೂ ದುಡಿದವರು. ಇದನ್ನು ಮಧ್ಯಂತರದಲ್ಲಿ ಹೇಳಿದ್ದೇ ತಡ, ಮಾವ ನೆಟ್ಟಗೆ ಕೂತರು. ರಾಮಚಂದ್ರರ ಹಾಡೆಂದರೆ ಅವರಿಗೆ ಪ್ರಾಣ. "ಮೊದಲೇ ಹೇಳಬಾರದಿತ್ತೇನೋ?"

ಕೊನೆಯ ತುಣುಕಿನಲ್ಲಿ 17 ವಾದ್ಯಗಳೂ ಒಟ್ಟಿಗೆ ಅಬ್ಬರಿಸಿದವು. ಕುರ್ಚಿಯ ಕೈ ನಡುಗಿತು. ಓರೆಗಣ್ಣಿನಲ್ಲಿ ನೋಡಿದೆ: ಮಾವನ ಅಂಗೈ ತನಗೇ ಗೊತ್ತಿಲ್ಲದೆ ಎರಡಕ್ಕೆ, ನಾಲ್ಕಕ್ಕೆ ಬೀಳುತ್ತಿತ್ತು. ನಾನು ತುಟಿ ಬಿಚ್ಚಲಿಲ್ಲ. ಹೇಳಿದ್ದರೆ ಎಣಿಸಲು ಶುರುಮಾಡಿ ಮತ್ತೆ ಒಂದಕ್ಕೇ ಬರುತ್ತಿದ್ದರು.