ಸ್ಟಾರ್ಟಪ್‌ಗಳನ್ನು ಹೊಗಳಿದರೆ ಸಾಕಾ?

ಈಗಷ್ಟೇ ಒಂದು ಚರ್ಚೆ ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿ ಮಾತಾಡಿದವರು ಸರ್ಕಾರ ಪಕ್ಕಕ್ಕೆ ಸರಿಯಲಿ, ಡಿಜಿಟಲ್ಲು, ಪರಿಸರ ಎಲ್ಲವನ್ನೂ ಸ್ಟಾರ್ಟಪ್‌ಗಳೇ ನೋಡಿಕೊಳ್ಳುತ್ತವೆ ಅಂತ ಹೇಳಿದ್ದೇ ಹೇಳಿದ್ದು. ಹೊಸಬರ ವಿದ್ಯುತ್ತನ್ನು ಗ್ರಿಡ್‌ಗೆ, ಅಂದರೆ ಊರೂರಿಗೆ ವಿದ್ಯುತ್ ಒಯ್ಯುವ ಜಾಲಕ್ಕೆ, ಯಾರು ಸೇರಿಸಿಕೊಳ್ಳಬೇಕು? ಅವರ ಮೊದಲ ಯಂತ್ರವನ್ನು ಯಾರು ಕೊಳ್ಳಬೇಕು? ಆ ಮಾತೇ ಬರಲಿಲ್ಲ.

ಸ್ವಂತ ಉದ್ಯಮ ಮಾಡುವವರ ಮೇಲೆ ನನಗೆಷ್ಟು ಅಭಿಮಾನ ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಇಷ್ಟು ಬೇಜಾರು.

ಡೆನ್ಮಾರ್ಕ್ ನೋಡಿ. 1970ರ ದಶಕದಲ್ಲಿ ತೈಲ ಬಿಕ್ಕಟ್ಟು ಬಂದಾಗ ಕ್ರಿಶ್ಚಿಯನ್ ರೀಸಾಗರ್ ಎಂಬ ಬಡಗಿ ಗಾಳಿಯಂತ್ರ ಕಟ್ಟಿ ಗ್ರಿಡ್‌ಗೆ ಜೋಡಿಸಿದರು. ದೊಡ್ಡ ಕಂಪನಿಯಲ್ಲ, ಒಬ್ಬ ಬಡಗಿ! ಕೃಷಿ ಉಪಕರಣ ಮಾಡುತ್ತಿದ್ದ ವೆಸ್ಟಾಸ್ ಕಂಪನಿ 1979ರಲ್ಲಿ ಮೊದಲ ಗಾಳಿಯಂತ್ರ ಮಾರಿತು. ಅದೇ ವರ್ಷ ಸರ್ಕಾರ ಕೊಳ್ಳುವವರಿಗೆ ಶೇ. 30ರಷ್ಟು ಸಹಾಯಧನ ಕೊಡಲು ಶುರು ಮಾಡಿತು. ಅದೂ ಸುಮ್ನೆ ಅಲ್ಲ, ರಿಸೋ ಪರೀಕ್ಷಾ ಕೇಂದ್ರ ಒಪ್ಪಿದ ಯಂತ್ರಕ್ಕೆ ಮಾತ್ರ. ಇವತ್ತು ಆ ದೇಶದ ಅರ್ಧಕ್ಕಿಂತ ಜಾಸ್ತಿ ವಿದ್ಯುತ್ ಗಾಳಿಯಿಂದಲೇ ಬರುತ್ತದೆ. ಬಡಗಿಯ ಕೈಚಳಕ ಬೇಕಿತ್ತು, ನಿಜ. ಆದರೆ ಕೊಳ್ಳುವವರು ಸಿಗದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು.

ಕೀನ್ಯಾದಲ್ಲೂ ಇದೇ ಆಯಿತು. 2007ರಲ್ಲಿ ಫೋನಿನಲ್ಲೇ ಹಣ ಕಳಿಸುವ ಎಂ-ಪೆಸಾ ಸೇವೆ ಬಂತು. ಅದರ ಆರಂಭಕ್ಕೆ ಬ್ರಿಟಿಷ್ ಸರ್ಕಾರದ ನೆರವಿನ ಹಣವೂ ಇತ್ತು. ಬ್ಯಾಂಕ್ ಅಲ್ಲದ ಫೋನ್ ಕಂಪನಿ ಹಣ ರವಾನೆ ಮಾಡಲು ಅಲ್ಲಿನ ಕೇಂದ್ರ ಬ್ಯಾಂಕ್ ಅಡ್ಡಿ ಮಾಡಲಿಲ್ಲ. ಆಮೇಲೆ ಎಂ-ಕೋಪಾ ಎಂಬ ಕಂಪನಿ ಬಂದು ಮನೆ ಮನೆಗೆ ಸೋಲಾರ್ ಮಾರಿತು. ದಿನಕ್ಕಿಷ್ಟು ಅಂತ ಫೋನಿನಲ್ಲೇ ಕಂತು ಕಟ್ಟಿದರಾಯಿತು. ಡಿಜಿಟಲ್ ದಾರಿ ಮೊದಲೇ ಇದ್ದದ್ದರಿಂದ ಸೋಲಾರ್ ವ್ಯಾಪಾರ ನಡೆಯಿತು, ಅಲ್ವಾ? ನನಗೆ ತುಂಬ ಖುಷಿ ಕೊಡುವ ಉದಾಹರಣೆ ಇದು.

ನಿಯಮಗಳೇ ಉದ್ಯಮವನ್ನು ಸಾಯಿಸುತ್ತವೆ ಅನ್ನುವವರಿದ್ದಾರೆ. ಕೆಟ್ಟ ನಿಯಮ ಸಾಯಿಸುತ್ತದೆ, ಒಪ್ಪುತ್ತೇನೆ. ನಿಯಮವೇ ಇಲ್ಲದಿದ್ದರೆ? 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹಾಕಿದೆ. ಅದರಲ್ಲಿ ಕಾಲು ಭಾಗಕ್ಕೂ ಸರಿಯಾದ ಸಂಗ್ರಹ, ಮರುಬಳಕೆಯ ಲೆಕ್ಕವಿಲ್ಲ. ಇದೂ ಡಿಜಿಟಲ್ ಬದಲಾವಣೆಯದ್ದೇ ಫಲ. ಸ್ಟಾರ್ಟಪ್ ಎಣಿಸುವವರು ಇದನ್ನೂ ಎಣಿಸಲಿ.

ಉಪಕರಣದ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಕೆಲವು ವಿನಾಯಿತಿ ಬಿಟ್ಟರೆ 2027ರಿಂದ ಜಾರಿ. ಅಂಟು ಹಾಕಿ ಮುಚ್ಚಿದ ಉಪಕರಣದ ಜೊತೆ ಒದ್ದಾಡುವ ರಿಪೇರಿಯವರಿಗೆ ಇದು ದೊಡ್ಡ ನೆರವು. ಅವರೂ ಉದ್ಯಮಿಗಳೇ. ಬಿಡಿಭಾಗಗಳನ್ನು ಅವರಿಗೆ ನ್ಯಾಯವಾದ ಬೆಲೆಗೆ ಕೊಡಲೇಬೇಕು ಅನ್ನುವ ಕಾನೂನು ಎಲ್ಲ ದೇಶಗಳಲ್ಲೂ ಬರಬೇಕು.