ನಾನು ಏನೂ ಹೇಳಲ್ಲಪ್ಪ!

ಬಿಡುವಿನ ವೇಳೆಯಲ್ಲಿ ಮೊಬೈಲ್ ನೋಡುತ್ತಾ ಕುಳಿತವರನ್ನು ಯಾರೂ "ಏನು ನೋಡ್ತಾ ಇದ್ದೀರಿ?" ಅಂತ ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಅಲ್ಲ. ಪುಸ್ತಕ ಹಿಡಿದು ಕುಳಿತವರನ್ನು ಮಾತ್ರ ಯಾರು ಬೇಕಾದರೂ ಕೇಳಬಹುದು. ಅದೂ ಸುಮ್ನೆ ಅಲ್ಲ, ಬಗ್ಗಿ, ಕತ್ತು ಓರೆ ಮಾಡಿ, ಮುಖಪುಟ ಓದಿಕೊಂಡೇ ಕೇಳುತ್ತಾರೆ.

"ಸಿನಿಮಾ ಬಂದಿದೆಯಲ್ವಾ, ಅದನ್ನೇ ನೋಡಿಬಿಡಿ" ಅನ್ನುವವರು ಒಂದು ಕಡೆ. "ಇದಾ? ಇವರ ಹಿಂದಿನದು ಇದಕ್ಕಿಂತ ಚೆನ್ನಾಗಿತ್ತು" ಅನ್ನುವವರು ಇನ್ನೊಂದು ಕಡೆ. ಹಿಂದಿನದನ್ನು ಓದುವಾಗ ಅದರ ಹಿಂದಿನದೇ ಚೆನ್ನ ಅಂದಿದ್ದವರೂ ಇವರೇ. ಇರಲಿ, ಇವರನ್ನೆಲ್ಲ ಸಹಿಸಬಹುದು. ನನ್ನ ಪಕ್ಕದ ಟೇಬಲ್ಲಿನವರ ಕಥೆ ಬೇರೆ.

ಅವರು ಕೇಳುವುದೇ ಇಲ್ಲ. ನೇರವಾಗಿ ಪುಸ್ತಕಕ್ಕೆ ಕೈ ಹಾಕುತ್ತಾರೆ. "ಒಂದ್ನಿಮಿಷ, ಕೊಟ್ಬಿಡ್ತೀನಿ." ಎರಡೂ ರಟ್ಟು ಹಿಡಿದು ಒಮ್ಮೆ ಕೊಡವುತ್ತಾರೆ. ಗುರುತಿಗೆಂದು ಇಟ್ಟಿದ್ದ ಚೀಟಿ ನೆಲಕ್ಕೆ ಬೀಳುತ್ತದೆ. ಆಮೇಲೆ ಬೆನ್ನುಡಿ ಓದುತ್ತಾರೆ ಅಂದುಕೊಂಡಿರಾ? ಇಲ್ಲ. ಬೆರಳಿಗೆ ನಾಲಿಗೆ ತಾಗಿಸಿ, ಸೀದಾ ಕೊನೆಯ ಪುಟ. ನಿಂತಲ್ಲೇ ಓದುತ್ತಾರೆ. ಹುಬ್ಬು ಮೇಲೇರುತ್ತದೆ. "ಹ್ಞೂಂ..." ಅನ್ನುತ್ತಾರೆ. ಒಂದು ಪುಟ ಹಿಂದೆ ಹೋಗಿ ಏನೋ ಖಚಿತ ಮಾಡಿಕೊಂಡು ಬರುತ್ತಾರೆ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು, "ನಾನು ಏನೂ ಹೇಳಲ್ಲಪ್ಪ" ಅನ್ನುತ್ತಾರೆ.

ಅಷ್ಟಕ್ಕೇ ಹೋಗಿದ್ದರೆ ಕೈ ಮುಗಿಯುತ್ತಿದ್ದೆ. ಈ ಸಲ ಎರಡು ಹೆಜ್ಜೆ ಇಟ್ಟವರು ತಿರುಗಿ, "ಪಾಪ, ಆ ಡಾಕ್ಟರು" ಅಂದರು.

ಅದೊಂದು ಕೊಲೆಯ ಕಾದಂಬರಿ. ಡಾಕ್ಟರು ಆಗಷ್ಟೇ ಬ್ಯಾಗು ಹಿಡಿದು ಕಥೆಯೊಳಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಅಲ್ಲಿಂದ ಮುಂದೆ ನನಗೆ ನೆಮ್ಮದಿಯೇ ಇಲ್ಲ. ಅವರು ಲೋಟ ಎತ್ತಿದರೆ ವಿಷ ಇರಬಹುದು. ಮೆಟ್ಟಿಲು ಇಳಿದರೆ ಯಾರೋ ತಳ್ಳಬಹುದು. ಕಾರು ಹತ್ತಿದರಂತೂ ಬ್ರೇಕ್ ಇರುವುದು ಅನುಮಾನ. ಕೊಲೆಗಾರ ಯಾರು ಅಂತ ಯೋಚಿಸುವುದಕ್ಕೇ ಪುರುಸೊತ್ತು ಸಿಗಲಿಲ್ಲ, ಡಾಕ್ಟರನ್ನು ಕಾಯುವುದೇ ಕೆಲಸವಾಯಿತು. ಒಂದು ಅಧ್ಯಾಯದಲ್ಲಿ ಆ ಪುಣ್ಯಾತ್ಮ ಕತ್ತಲಲ್ಲಿ ಒಬ್ಬನೇ ಹೊಳೆ ಕಡೆ ಹೊರಟಾಗ ಪುಸ್ತಕ ಮುಚ್ಚಿಟ್ಟು ಮಲಗಿಬಿಟ್ಟೆ. ನನ್ನ ಕಣ್ಣೆದುರು ಬೇಡ ಅಂತ.

ಮೊನ್ನೆ ಮುಗಿಯಿತು. ಡಾಕ್ಟರಿಗೆ ಒಂದು ಗೀರೂ ಆಗಿಲ್ಲ! ಕೊನೆಯ ಪುಟದಲ್ಲಿ ಅವರ ಮದುವೆ. ಪಕ್ಕದ ಟೇಬಲ್ಲಿಗೆ ಹೋಗಿ ಕೇಳಿದೆ. "ಮದುವೆ ಆಯ್ತಲ್ರೀ, ಅದಕ್ಕೇ ಪಾಪ ಅಂದೆ" ಅಂದರು, ತಣ್ಣಗೆ.

ಅವರ ಬೆನ್ನಿಗೆ ವಿಜ್ಞಾನ ಬೇರೆ ಇದೆ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೋ ಶಾಖೆಯ ಇಬ್ಬರು ಸಂಶೋಧಕರು ಓದುಗರಿಗೆ ಹನ್ನೆರಡು ಸಣ್ಣಕಥೆ ಕೊಟ್ಟು ನೋಡಿದರು. ಅಂತ್ಯ ಮೊದಲೇ ಗೊತ್ತಿದ್ದಾಗ ಕಥೆ ಇನ್ನೂ ಸ್ವಲ್ಪ ಜಾಸ್ತಿಯೇ ಹಿಡಿಸಿತಂತೆ. ಇದನ್ನು ಪಕ್ಕದ ಟೇಬಲ್ಲಿನವರು ಮೊಬೈಲಿನಲ್ಲಿ ಉಳಿಸಿಕೊಂಡಿದ್ದಾರೆ, ಯಾರಾದರೂ ರೇಗಿದರೆ ತೋರಿಸಲು. ಅದು ಸಣ್ಣಕಥೆ ಸ್ವಾಮಿ, ನಾನು ಹಿಡಿದಿರುವುದು ದಿಂಬಿನಂಥ ಕಾದಂಬರಿ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಸರಿ, ನಾನೂ ಒಂದು ಉದಾಹರಣೆ ಎಸೆದೆ. ಲಂಡನ್ನಿನಲ್ಲಿ 'ದಿ ಮೌಸ್‌ಟ್ರ್ಯಾಪ್' ಅಂತ ಒಂದು ನಾಟಕ ಇದೆ, 1952ರಲ್ಲಿ ಶುರುವಾಗಿದ್ದು. ಆಟ ಮುಗಿದ ಮೇಲೆ ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ನೋಡಿ, ಜನರಿಗೆ ಅಷ್ಟು ಶಿಸ್ತಿರುತ್ತದೆ ಅಂದೆ. "ಹೌದಾ? ಯಾರಂತೆ?" ಅಂದವರೇ ಅಲ್ಲೇ ಮೊಬೈಲಿನಲ್ಲಿ ಹುಡುಕಿದರು. ಹುಬ್ಬು ಮೇಲೇರಿತು. "ಹ್ಞೂಂ... ನಾನು ಏನೂ ಹೇಳಲ್ಲಪ್ಪ."

ಪುಸ್ತಕವನ್ನು ಪರದೆ ಮೇಲೆ ಓದುವ ಕಿಂಡಲ್ ತಗೊಳ್ಳಿ, ಕೊನೆಯ ಪುಟಕ್ಕೆ ಯಾರೂ ಕೈ ಹಾಕಲ್ಲ ಎಂದು ಒಬ್ಬರು ಸಲಹೆ ಕೊಟ್ಟರು. ಅಲ್ಲೂ ಬಿಡುಗಡೆ ಇಲ್ಲ. ಈ ಸಾಲಿಗೆ ಇಷ್ಟು ಜನ ಗೆರೆ ಎಳೆದಿದ್ದಾರೆ ಅಂತ ಪುಟದ ಮಧ್ಯದಲ್ಲೇ ತೋರಿಸುತ್ತದೆ. ಆ ಗೆರೆಗಳನ್ನೇ ಹಿಡಿದು 2014ರಲ್ಲಿ ಜೋರ್ಡನ್ ಎಲೆನ್‌ಬರ್ಗ್ ಎಂಬ ಗಣಿತಜ್ಞ ಜನ ಪುಸ್ತಕವನ್ನು ಎಲ್ಲಿಗೆ ಕೈಬಿಡುತ್ತಾರೆ ಅಂತ ತಮಾಷೆಗೆ ಲೆಕ್ಕ ಹಾಕಿದ್ದ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗರ ಹೆಸರುವಾಸಿ ಪುಸ್ತಕ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'ಗೆ ಸಿಕ್ಕಿದ್ದು ಶೇ. 6.6, ಅಂದರೆ ಅಷ್ಟು ಓದುವಷ್ಟರಲ್ಲೇ ಜನ ಸುಸ್ತು. ನಮ್ಮವರು ಆ ಲೆಕ್ಕಕ್ಕೇ ಸಿಗುವುದಿಲ್ಲ. ಅವರದು ಏನಿದ್ದರೂ ಕೊನೆಯ ಶೇ. 1.

ಆದರೂ ಒಂದು ಮಾತು ಹೇಳಬೇಕು. ಮನಸ್ಸಿಗೆ ಹಿಡಿದ ಪುಸ್ತಕ ಸಾಮಾನ್ಯವಾಗಿ ಮುಗಿಯುವುದು ಸರಿರಾತ್ರಿಯಲ್ಲಿ. ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಮನೆಯಲ್ಲಿ ಎಲ್ಲರೂ ನಿದ್ದೆ. ಎಬ್ಬಿಸಿದರೆ "ಲೈಟ್ ಆರಿಸು" ಅನ್ನುವ ಉತ್ತರ ಬರುತ್ತದೆ. ಗೆಳೆಯರಿಗೆ ಮೆಸೇಜು ಕಳಿಸಿದರೆ ಬೆಳಿಗ್ಗೆ ಒಂದು ಹೆಬ್ಬೆರಳು ಬಂದಿರುತ್ತದೆ. ಆ ಮದುವೆಯ ವಿಷಯ ಕೇಳಲು ಹೋದ ದಿನ, ನನ್ನ ಸಿಟ್ಟು ಇಳಿಯಲಿ ಅಂತ ಕಾದಿದ್ದು ಪಕ್ಕದ ಟೇಬಲ್ಲಿನವರು ಕುರ್ಚಿ ಎಳೆದು ಕೂರಿಸಿದರು.

"ಅದಿರಲಿ, ಮಧ್ಯದಲ್ಲಿ ಏನೇನಾಯ್ತು ಹೇಳಿ. ನನಗೆ ಕೊನೆ ಮಾತ್ರ ಗೊತ್ತು."

ಹೇಳಿದೆ. ವಿಷ, ಮೆಟ್ಟಿಲು, ಹೊಳೆ, ಎಲ್ಲ. ನಡುವೆ ಬಾಯಿ ಹಾಕದೆ, ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಹೊಳೆಯ ಹತ್ತಿರ ಬಂದಾಗ "ಅಯ್ಯೋ" ಅಂದರು ಕೂಡ, ಮದುವೆ ಆಗುವುದು ಗೊತ್ತಿದ್ದೂ! ನನಗೂ ಹೇಳಿ ಹಗುರಾಯಿತು.

ಸಂಜೆ ಹೊರಡುವಾಗ ಅವರು ಇನ್ಯಾರ ಹತ್ತಿರವೋ ಅದೇ ಕಾದಂಬರಿಯ ಬಗ್ಗೆ ಮಾತಾಡುತ್ತಿದ್ದರು.

"ಪೂರ್ತಿ ಮುಗಿಸಿದೆ ಕಣ್ರೀ. ಚೆನ್ನಾಗಿದೆ. ಆದ್ರೆ ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾರೆ."